ಗಂಗಣ್ಣನ ಮೋಟಾರು ಸೈಕಲ್ಲಿನ ತೇಪೆ ವಿಚಾರ

ಸೊಣ್ಣಪ್ಪ ಬಿನ್ ಲೇಟ್ ಮುನಿಶಾಮಪ್ಪ, ವಯಸ್ಸು 54, ಒಕ್ಕಲುತನ, ಜೊತೆಗೆ ಪಂಪ್‌ಸೆಟ್ಟು ಮತ್ತು ಗಾಡಿ ರಿಪೇರಿ (ಸುತ್ತಿನ ಹಳ್ಳಿಗಳಿಗೆಲ್ಲ ನಾನೊಬ್ಬನೇ), ವಾಸ ತೂಬಗೆರೆ, ದೊಡ್ಡಬಳ್ಳಾಪುರ ತಾಲ್ಲೂಕು. ಈ ಠಾಣೆಯ ಸಾಹೇಬರು ಕೇಳಿದ ಮೇರೆಗೆ ನಾನು ತಿಳಿಯಪಡಿಸುವುದು ಹೀಗಿದೆ.

ನನ್ನ ಅಕ್ಕ ಮುತ್ಯಾಲಮ್ಮನ ಮಗ ಗಂಗಣ್ಣ ದೊಡ್ಡಬಳ್ಳಾಪುರದ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಅವನ ಪಾಳಿ ಬೆಳಿಗ್ಗೆ 6 ಗಂಟೆಗೆ. ನಮ್ಮೂರಿಂದ ಮೊದಲ ಬಸ್ಸು ಹೊರಡುವುದೇ ಏಳೂವರೆಗೆ. ಆದ್ದರಿಂದ ಹಳೇ ಮೋಟಾರು ಸೈಕಲ್ ಇಟ್ಟುಕೊಂಡಿದ್ದ.

ಸಂಕ್ರಾಂತಿ ಕಳೆದ ವಾರ ಕಲ್ಲು ಬಡಿದು ಎಂಜಿನ್ನಿನ ತಳ ಸೀಳಿ ಎಣ್ಣೆ ಸೋರತೊಡಗಿತು. ಇಬ್ಬರೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದೆವು. ಎರಡು ಟ್ಯೂಬು ಕಲೆಸಿ ಮೆತ್ತುವ ಎಪಾಕ್ಸಿ ಅಂಟನ್ನು ಅಂಗಡಿಯವರು ತೋರಿಸಿದರು. ಅದರಲ್ಲಿ ಎರಡು ಬಗೆ: ಒಂದು ಅಲ್ಯೂಮಿನಿಯಂ ಪುಡಿ ಸೇರಿಸಿದ್ದು, ಇನ್ನೊಂದು ಕಬ್ಬಿಣದ ಪುಡಿ ಸೇರಿಸಿದ್ದು. ಎಂಜಿನ್ನಿನ ತಳ ಅಲ್ಯೂಮಿನಿಯಮ್ಮಿನದು, ಅದಕ್ಕೆ ಅದೇ ಪುಡಿಯದ್ದು ಹೊಂದುತ್ತದೆ ಎಂದರು. ನಾನು ಕಬ್ಬಿಣದ್ದೇ ಕೊಡಿ ಎಂದೆ.

“ಮಾವ, ಅಂಗಡಿಯವ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ?” ಎಂದ ಗಂಗಣ್ಣ.

“ಲೇ, ಕಬ್ಬಿಣಕ್ಕಿಂತ ಗಟ್ಟಿ ಯಾವುದೈತೋ? ಸುಮ್ನಿರು” ಎಂದೆ.

ಊರಿಗೆ ಬಂದು ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಎರಡೂ ಟ್ಯೂಬು ಸಮಸಮ ಕಲೆಸಿ ಮೆತ್ತಿದೆ. ಎಣ್ಣೆ ತೊಟ್ಟೂ ಸೋರಲಿಲ್ಲ. ಬೆಳ್ಳಗಿನ ಎಂಜಿನ್ನಿನ ಮೇಲೆ ತೇಪೆ ಮಾತ್ರ ಕಪ್ಪಗೆ ಕೂತಿತು. ಹೋಟೆಲಿನ ಪಿಳ್ಳಪ್ಪ, “ಏನ್ ಸೊಣ್ಣಪ್ಪಣ್ಣ, ಗಾಡಿಗೆ ದೃಷ್ಟಿಬೊಟ್ಟು ಇಟ್ಯಾ?” ಎಂದು ನಾಲ್ಕು ಜನರೆದುರು ಆಡಿಕೊಂಡ. ಅದನ್ನು ನಾನು ಮರೆತಿಲ್ಲ.

ದಿ. 12-3-74ರ ಮಂಗಳವಾರ ಗಿರಣಿ ಗೇಟಿನ ಹೊರಗಿಂದ ಗಾಡಿ ಕಳುವಾಯಿತು. ಅಂದೇ ಗಂಗಣ್ಣ ಇದೇ ಠಾಣೆಯಲ್ಲಿ ದೂರು ಕೊಟ್ಟ. ಮಾರನೇ ದಿನದಿಂದ ಅವನು ಬಸ್ಸಿನಲ್ಲೇ ಹೋಗಿ ತಡವಾಗಿ ಮುಟ್ಟುತ್ತಿದ್ದ. ಬರುವ ವಾರವೂ ಹೀಗೇ ಆದರೆ ಬೇರೆಯವನನ್ನು ನೋಡಿಕೊಳ್ಳುವುದಾಗಿ ಮೇಸ್ತ್ರಿ ಹೇಳಿದನಂತೆ. ಅಕ್ಕ ಒಲೆ ಮುಂದೆ ಕೂತು ಮಾತೇ ಬಿಟ್ಟಳು. ಬಯ್ಯುವುದನ್ನೂ ಬಿಟ್ಟಳು. ಆಗ ನನಗೆ ಹೆದರಿಕೆಯಾಯಿತು.

ಈ ದಿನ ಭಾನುವಾರ ಪಂಪ್‌ಸೆಟ್ಟು ನೋಡಲು ನಲ್ಲೂರಿಗೆ ಹೋಗಿದ್ದೆ. ಬೆಳಿಗ್ಗೆ ಸುಮಾರು 10 ಗಂಟೆಗೆ ಹುಣಸೇತೋಪಿನ ಹತ್ತಿರ ಗಾಡಿಯೊಂದು ಬಂದು ನಿಂತಿತು. ಬಣ್ಣ ಕೆಂಪು, ನಂಬರು ಬೇರೆ, ಆದರೆ ಸದ್ದು ನಮ್ಮ ಗಾಡಿಯದೇ. ಓಡಿಸುತ್ತಿದ್ದವನು ತನ್ನ ಹೆಸರು ಕೊಂಡಪ್ಪ ಎಂದೂ ಗಾಡಿಯನ್ನು ಹೊಸಕೋಟೆಯಲ್ಲಿ ಕೊಂಡದ್ದೆಂದೂ ಹೇಳಿದ. ಬಗ್ಗಿ ನೋಡಿದರೆ ಎಂಜಿನ್ ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದರು. ತಳಕ್ಕೆಲ್ಲ ಬೆಳ್ಳಿ ಬಣ್ಣ ಬಳಿದು ತೇಪೆ ಕಾಣದಂತೆ ಮಾಡಿದ್ದರು.

ಮಣ್ಣಿನಲ್ಲಿ ಬಿದ್ದ ನಟ್ಟು ಹುಡುಕಲು ನಾನು ಜೇಬಿನಲ್ಲಿ ಸೂಜಿಗಲ್ಲು ಇಟ್ಟುಕೊಂಡಿರುತ್ತೇನೆ. ಅದನ್ನು ತಳಕ್ಕೆ ಹಿಡಿದೆ. ಎಲ್ಲೂ ನಿಲ್ಲಲಿಲ್ಲ. ತೇಪೆಯ ಜಾಗಕ್ಕೆ ಬಂದೊಡನೆ ಟಕ್ಕನೆ ಕಚ್ಚಿಕೊಂಡಿತು.

“ಎಲ್ಲಾ ಎಂಜಿನ್ನಿಗೂ ಹಂಗೇ ಅಂಟ್ತದೆ, ಹೋಗಯ್ಯ” ಎಂದ ಕೊಂಡಪ್ಪ.

ಅಲ್ಲಿಯೇ ಇದ್ದ ಊರಿನ ಹಿರಿಯರಾದ ಆವಲಪ್ಪನವರು ತಮ್ಮ ಮಗನ ಗಾಡಿ ತರಿಸಿದರು. ಅದರ ತಳಕ್ಕೆ ಕೊಂಡಪ್ಪನ ಕೈಯಿಂದಲೇ ಸೂಜಿಗಲ್ಲು ಹಿಡಿಸಿದೆ. ಬಿತ್ತು. ಮತ್ತೆ ಹಿಡಿಸಿದೆ. ಮತ್ತೆ ಬಿತ್ತು. ಕೊಂಡಪ್ಪ ಓಡಲು ನೋಡಿದ. ಊರಿನವರು ಹಿಡಿದು, ಗಾಡಿ ಸಮೇತ ಮಧ್ಯಾಹ್ನ 2 ಗಂಟೆಗೆ ಈ ಠಾಣೆಗೆ ತಂದೊಪ್ಪಿಸಿದರು.

ನಾಳೆ ಕೋರ್ಟಿನ ಅಪ್ಪಣೆ ತರಿಸಿ ಗಾಡಿ ಬಿಡಿಸಿಕೊಡುವುದಾಗಿ, ಗಿರಣಿಗೂ ಒಂದು ಚೀಟಿ ಬರೆದುಕೊಡುವುದಾಗಿ ಸಾಹೇಬರು ಹೇಳಿದ್ದಾರೆ. ಸುದ್ದಿ ತಿಳಿದು ಅಕ್ಕ ಠಾಣೆಗೇ ಬಂದು, ಪಂಚೆ ತುಂಬ ಗ್ರೀಸು ಮಾಡಿಕೊಂಡಿದ್ದೇನೆಂದು ನನ್ನನ್ನು ಬಯ್ದಳು. ಸಮಾಧಾನವಾಯಿತು.

ಕಳ್ಳತನವಾದರೆ ಗುರುತು ಸಿಗಲೆಂದೇ ಕಬ್ಬಿಣದ ಪುಡಿಯದ್ದು ಹಾಕಿದೆಯಾ ಎಂದು ಸಾಹೇಬರು ಕೇಳಿದ್ದಕ್ಕೆ, ಹೌದು, ಮುಂದಾಲೋಚನೆಯಿಂದಲೇ ಹಾಕಿದ್ದು ಎಂದು ಬರೆಸಿದ್ದೇನೆ. ಆ ವೇಳೆಗೆ ಪಕ್ಕದಲ್ಲಿದ್ದ ಗಂಗಣ್ಣನಿಗೆ ಕೆಮ್ಮು ಬಂತು. ಅದನ್ನು ಸಾಕ್ಷಿಯಾಗಿ ಪರಿಗಣಿಸಬಾರದಾಗಿ ಕೋರುತ್ತೇನೆ. ಈ ಹೇಳಿಕೆಯ ಒಂದು ಪ್ರತಿಯನ್ನು ಹೋಟೆಲಿನ ಪಿಳ್ಳಪ್ಪನಿಗೆ ಓದಿ ಹೇಳಿಸಲು ನನಗೆ ಕೊಡಿಸಬೇಕಾಗಿಯೂ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ದೊಡ್ಡಬಳ್ಳಾಪುರ
ದಿನಾಂಕ: 17-3-1974
(ಸಹಿ) ಸೊಣ್ಣಪ್ಪ, ರಿಪೇರಿ