ಮಡಿಲಲ್ಲಿ ಕ್ಯಾಮ್‌ಶಾಫ್ಟ್

ಎಪ್ಪತ್ನಾಲ್ಕನೇ ಇಸವಿಯ ಒಂದು ಮಧ್ಯಾಹ್ನ ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದ ರಂಗಕ್ಕನಿಗೆ, ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿರುವುದು ಎಳೇ ಕೂಸು ಅನ್ನಿಸಿತ್ತು. ಹಳೇ ಸೀರೆಯ ಸುತ್ತು ಸರಿದಾಗ ಕಂಡದ್ದು ಎಣ್ಣೆ ಹಚ್ಚಿದ ಕಬ್ಬಿಣದ ಸರಳು. ಎದುರಿಗೆ ನಿಂತಿದ್ದವನು ಆ ಹೆಂಗಸಿನ ಮೈದುನ.

"ಅತ್ಗೆಮ್ಮ, ಅಣ್ಣನ ಜತೀಗೇ ಆ ಬಾಡಿಗೆ ಕಾರಿನ ಕಾಲಾನೂ ಮುಗೀತು. ಗುಜರಿಗೆ ಹಾಕ್ರಿ ಅಂದ್ರೆ ಇಂಜಿನ್ನಿಗೆ ಹೊಸಾ ಕ್ಯಾಮ್‌ಶಾಫ್ಟ್ ತಗಂಡು ಬಂದೀರಲ್ಲ!"

"ಹೆಡ್ ಗ್ಯಾಸ್ಕೆಟ್ಟೂ ತಂದೀನಿ, ಜಂಪಣ್ಣ. ನಾಳೆ ಮೇಸ್ತ್ರಿ ಎರಡೂ ಹಾಕ್ತಾನೆ."

"ಹಾಕಿದ್ಮೇಲೆ ಓಡ್ಸೋರು ಯಾರು?"

"ನಾನೇ. ನಿಮ್ಮಣ್ಣ ಕೆರೆ ಅಂಗಳದಾಗೆ ಕಲಿಸಿದ್ರು. ಲೈಸೆನ್ಸೂ ಐತೆ."

"ಗಂಡ ಸತ್ತೋಳು ಎದುರಿಗೆ ಬಂದ್ರೇನೇ ಜನ ವಾಪಸ್ ಹೋಗ್ತಾರೆ. ನೀವು ಓಡ್ಸೋ ಕಾರಾಗೆ ಯಾರು ಕುಂತ್ಕಂತಾರೆ?"

"ಬ್ಯಾನೆ ಬಂದ ಬಸುರಿ ಕುಂತ್ಕಂತಾಳೆ. ಶ್ರೀರಾಂಪುರದಿಂದ ದೊಡ್ಡಾಸ್ಪತ್ರೆಗೆ ನಡ್ಕಂಡು ಹೋಗಾಕೆ ಆಗ್ತೈತಾ? ಶಕುನ ನೋಡೋರು ಬಸ್ಸಿಗೆ ಕಾಯ್ಲಿ."

ರಂಗಕ್ಕ ಶೇಂಗಾ ಸುಲಿಯುವುದನ್ನೇ ಮರೆತಳು.

"ನಾನು ಓಡ್ಸ್ತೀನಿ ಅಂದ್ರೂ ಬ್ಯಾಡ್ವಾ?"

"ಹಿಂದೆ ಓಡ್ಸಿದ್ಯಲ್ಲ, ನೀರು ನೋಡ್ದೆ ಗ್ಯಾಸ್ಕೆಟ್ ಸುಟ್ಟೆ. ಆಯಿಲ್ ನೋಡ್ದೆ ಕ್ಯಾಮ್‌ಶಾಫ್ಟ್ ಸವೆಸಿದೆ. ಅಮಾಸೆ ಅಮಾಸೆಗೆ ನಿಂಬೆಹಣ್ಣು ಮಾತ್ರ ತಪ್ಪದಂಗೆ ಕಟ್ಟಿದೆ."

ಅಷ್ಟರಲ್ಲಿ ಹೊಸದುರ್ಗದ ಬಸ್ಸು ಬಂದು ನಿಂತಿತು. ಜಂಪಣ್ಣ ಕೈ ಚಾಚಿದ.

"ಕೊಡ್ರಿ ಇಲ್ಲಿ, ಭಾರ ಐತೆ. ಟಾಪ್ ಮೇಲೆ ಹಾಕ್ತೀನಿ."

ಅವಳು ಸೀರೆಯ ಸುತ್ತನ್ನು ಬಿಗಿಮಾಡಿ, ಸರಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು.

"ಒಂದ್ಸಲ ನಿನ್ನ ಕೈಗೆ ಕೊಟ್ಟಿದ್ದು ಸಾಕು."