ಒಣಗಾಳಿಗೆ ಎರಡು ಮುಲಾಮು

ಹಿಮ ಬೀಳುವ ಸದ್ದನ್ನೂ ಗೋಡೆಯಾಚೆಯಿಂದ ಹಿಡಿಯುವ ಕಿವಿ ನನ್ನದು. ಇಡೀ ಫಿನ್ಲೆಂಡಿಗೇ ಗೊತ್ತು. ಔಷಧಿ ಅಂಗಡಿಯ ಸರದಿಯಲ್ಲಿ ನನ್ನ ಮುಂದೆ ನೆರೆಮನೆಯ ಹಿಲ್ಕ, ಅವಳ ಗೆಳತಿ ಸೈಮಿ ನಿಂತಿದ್ದರು.

"ಭಾನುವಾರ ಚರ್ಚಲ್ಲಿ ಹಾಡ್ಬೇಕು ಸೈಮಿ, ಗಂಟಲು ಒಣರೊಟ್ಟಿ ಆಗಿದೆ," ಎಂದಳು ಹಿಲ್ಕ.

"ಹೊರಗಿನ ಒಣಗಾಳಿ ಒಳಗೆಳೆಯೋ ಆ ಗಾಳಿಯಂತ್ರ ಕಡಿಮೆ ಮಾಡೇ. ಈ ಚಳೀಲಿ ಯಾರು ನಾಲ್ಕನೇ ವೇಗಕ್ಕಿಡ್ತಾರೆ?"

"ನನ್ನ ಗಂಡ ಬಿಡಲ್ಲ. ಹಳೇ ಮನೆಗೆ ತೇವಕ್ಕೆ ಬೂಸ್ಟು ಹಿಡೀತಲ್ಲ, ಆ ಭಯ."

"ನಿದ್ದೆ?"

"ಎಲ್ರ ಹಬೆಸ್ನಾನ ಆದ್ಮೇಲೆ ಸೌನಾದ ಹಲಗೆ ಮೇಲೆ. ತೇವ ಇರೋದು ಅಲ್ಲೊಂದೇ."

"ಥೂ, ಹೊಗೆಗಿಟ್ಟ ಮೀನಿನ ಥರ! ಆ ಒಣಗಾಳೀಲಿ ನಿನ್ನ ಗಂಡನಿಗೇನೂ ಆಗಲ್ವಾ?"

"ಆಗಲ್ಲ ಅಂತಾನೆ. ಮೂಗಿನ ರಕ್ತ ಒರೆಸಿದ ಕರವಸ್ತ್ರ ಸೌದೆ ಬುಟ್ಟೀಲಿ ಬಚ್ಚಿಟ್ಟಿದ್ದ."

ಹಿಲ್ಕಳ ಸರದಿ ಬಂತು. ಮೂಗಿಗೆ ಹಚ್ಚುವ ಮುಲಾಮು ಎರಡು ಕೊಂಡಳು.

"ಒಂದು ಅವನ ದಿಂಬಿನ ಮೇಲಿಡ್ತೀನಿ. ಅದನ್ನ ನೋಡಿದ್ಮೇಲೂ ಯಂತ್ರ ಮುಟ್ಬೇಡ ಅಂತಾನಾ, ನೋಡೋಣ," ಎನ್ನುತ್ತ ಸೈಮಿಯ ತೋಳು ಹಿಡಿದು ಹೊರಟಳು.