ಬಾಗಿಲಲ್ಲಿ ನಿಲ್ಲುತ್ತಿದ್ದ ಸ್ಪ್ಯಾನರ್ ಮಾವ

ರಾತ್ರಿ ಎರಡು ಗಂಟೆ. ಹಾಳುಬಾವಿ ದಾಟಿ ನನ್ನ ಚಿಕ್ಕಮ್ಮನ ಮಗ ಒಬ್ಬನೇ ಟ್ಯಾಂಕಿನ ಕೋಣೆಗೆ ನಡೀತಿದ್ದ. ಬಾವಿಯಲ್ಲಿ ಏನೂ ಇರಲಿಲ್ಲ ಬಿಡಿ, ಪಾಪ ಅದು ತನ್ನ ಪಾಡಿಗೆ ತಾನಿತ್ತು.

ಅವನು ಆಕಾಶನೌಕೆಯ ಇಂಧನ ಕಾಯುವವನು. ದ್ರವ ಹೈಡ್ರೋಜನ್... ಅದರ ಮುಂದೆ ಐಸು ಅಂದ್ರೆ ಬಿಸಿನೀರು. ಎಷ್ಟೇ ಹೊದಿಸಿಟ್ಟರೂ ಒಳಗೊಳಗೇ ಆವಿಯಾಗುತ್ತೆ. ಹೊತ್ತುಹೊತ್ತಿಗೆ ಹೊರಗೆ ಬಿಡದಿದ್ದರೆ ಟ್ಯಾಂಕು ಸಿಡಿಯುತ್ತೆ. ಅವತ್ತು ಆವಿ ಬಿಡುವ ವಾಲ್ವು ಹಿಮಗಟ್ಟಿ ಕೂತುಬಿಟ್ಟಿತ್ತು.

ಅಲ್ಲಿಗೆ ಒಬ್ಬರೇ ಹೋಗೋ ಹಾಗಿಲ್ಲ. ಪೈಪು ಶುಚಿ ಮಾಡೋಕೆ ಹರಿಸುವ ನೈಟ್ರೋಜನ್ ಸೋರಿದರೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡುತ್ತಲೇ ಪ್ರಾಣ ಹೋಗುತ್ತೆ. ಅದಕ್ಕೇ ಬಾಗಿಲಲ್ಲಿ ಇನ್ನೊಬ್ಬ ನಿಂತು ಹಿತ್ತಾಳೆ ಸ್ಪ್ಯಾನರಿನಿಂದ ಪೈಪಿಗೆ ಎರಡೇಟು ಹಾಕಬೇಕು. ಒಳಗಿದ್ದವನು ಎರಡೇಟು ತಿರುಗಿ ಹಾಕಬೇಕು, ಹಾಕದಿದ್ದರೆ ಅವನನ್ನು ಹೊರಗೆಳೆದು ತರಬೇಕು. ಹದಿನಾರು ವರ್ಷ ಹಾಗೆ ನಿಂತವರು ಹಳೇ ಫಿಟ್ಟರು, ನಮ್ಮವನ ಪಾಲಿಗೆ ಸ್ಪ್ಯಾನರ್ ಮಾವ. ತಿಂಗಳ ಹಿಂದೆ ಎದೆನೋವು ಬಂದು ತೀರಿಕೊಂಡಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ರಾತ್ರಿಯಿಡೀ ಮಾತಾಡೋಕೆ ಒಂದು ನರಪಿಳ್ಳೆಯಿಲ್ಲದೆ ಇವನು ಸೊರಗಿಹೋಗಿದ್ದ.

ಒಳಗೆ ಹೋದ. ವಾಲ್ವು ತಿರುಗಿಸಿದ. ಕಟಕ್... ಹಿಸ್ಸ್ಸ್. ಒತ್ತಡ ತೋರಿಸೋ ಮುಳ್ಳು ಇಳಿಯಿತು. ಸದ್ಯ ಬದುಕಿದೆ ಅಂದುಕೊಂಡ. ಆಗಲೇ ಕಾಲು ಸೋತು ಕುಸಿದು ಕೂತ. ಎಲ್ಲೋ ನೈಟ್ರೋಜನ್ ಸೋರುತ್ತಿದೆ ಅಂತ ಗೊತ್ತಾಯಿತು, ಏಳೋಕಾಗಲಿಲ್ಲ.

ಟಣ್... ಟಣ್.

ಅಭ್ಯಾಸಬಲ, ಇವನೂ ತಿರುಗಿ ಎರಡೇಟು ಹಾಕಿದ.

ಟಣ್... ಟಣ್.

ಈ ಸಲ ಕೈ ಮೇಲೇಳಲಿಲ್ಲ.

ಕಿವಿಯ ಹತ್ತಿರವೇ ಪಿಸುಮಾತು. “ಏಳೋ ಅಳಿಯ... ಇಲ್ಲಿ ಮಲಗ್ಬಾರ್ದು.”

“ಮಾವಾ... ನೀವು ಹೋಗ್ಬಿಟ್ರಲ್ಲ...”

“ಆಯ್ತು. ಈಗ ಏಳು.”

ಕಣ್ಣು ಬಿಟ್ಟಾಗ ಬಾಗಿಲಾಚೆ ಅಂಗಾತ ಬಿದ್ದಿದ್ದ. ಸುತ್ತ ಯಾರೂ ಇಲ್ಲ. ಕೂಗಿದ. ತನ್ನ ಸ್ಪ್ಯಾನರಿನಿಂದ ಪೈಪಿಗೆ ಬಡಿದ, ಕಾದ... ಮತ್ತೆ ಬಡಿದ. ಉತ್ತರ ಬರಲಿಲ್ಲ. ಸಾಯೋ ಹೊತ್ತಲ್ಲಿ ಬರದ ಅಳು ಅವನಿಗೆ ಆಗ ಬಂತಂತೆ.

ನಂಬದಿದ್ದರೆ ಬಿಡಿ. ಬೆಳಗಿನ ಪಾಳಿಯ ಮೂವರು ಕಣ್ಣಾರೆ ಕಂಡಿದ್ದಾರೆ. ಕೋಣೆಯ ನೆಲದ ಮೇಲೆ ತೆಳ್ಳಗೆ ಹಿಮ ಕೂತಿತ್ತು. ಅದರಲ್ಲಿ ಒಳಗೆ ಹೋದ ಇವನ ಹೆಜ್ಜೆಗಳಿದ್ದವು. ಟ್ಯಾಂಕಿನಿಂದ ಬಾಗಿಲವರೆಗೆ ಇವನ ಹಿಮ್ಮಡಿ ಎಳೆದುಕೊಂಡು ಬಂದ ಎರಡು ಗೆರೆಗಳಿದ್ದವು. ಎಳೆದವರ ಹೆಜ್ಜೆ ಒಂದೂ ಇರಲಿಲ್ಲ.